ಬಟ್ಟೆ ಗಾಡಿ ಹಾಕುವ ಮುಂಚೆ

ಚಿ. ಮಂಜುನಾಥನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇತ್ತ ಮದ್ದೂರಿನಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಜಯನಗರದ ಫುಟ್‌ಪಾತಿನಲ್ಲಿ ಬಟ್ಟೆ ವ್ಯಾಪಾರ ಶುರು ಮಾಡ್ತೀಯಂತೆ, ನಿಮ್ಮಮ್ಮ ಫೋನ್ ಮಾಡಿದ್ದಳು. ಡಿಗ್ರಿ ಓದಿದ ಮಗ ಬೀದಿಯಲ್ಲಿ ನಿಲ್ತಾನಲ್ಲ ಅಂತ ಅವಳಿಗೆ ಬೇಜಾರು. ನನಗೇನೂ ಬೇಜಾರಿಲ್ಲ ಕಣೋ. ಆದರೆ ಮಾರುವ ಮಾಲು ಎಲ್ಲಿಂದ ಬರುತ್ತೆ ಅಂತ ಗಾಡಿ ಹಾಕುವ ಮುಂಚೆಯೇ ತಿಳಿದುಕೋ. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಮೊದಲು ಟೈಲರ್ ಆಗಿ, ಆಮೇಲೆ ಹೊಲಿದದ್ದರಲ್ಲಿ ತಪ್ಪು ಹುಡುಕುವ ಚೆಕ್ಕರ್ ಆಗಿ ದುಡಿದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ತರಬೇಕು ಅಂದುಕೊಂಡಿರುವುದು ಎಕ್ಸ್‌ಪೋರ್ಟ್ ಸರ್‌ಪ್ಲಸ್, ಅಂದರೆ ಹೊರದೇಶಕ್ಕೆ ಅಂತ ಹೊಲಿದು ಉಳಿದ ಬಟ್ಟೆ, ಅಲ್ವಾ? ಅದು ಉಳಿಯೋದು ಹೀಗೆ. ಅಮೆರಿಕದ ಕಂಪನಿ ಹತ್ತು ಸಾವಿರ ಶರ್ಟ್ ಕೇಳಿದರೆ ಫ್ಯಾಕ್ಟರಿಯವರು ಅಷ್ಟೇ ಕತ್ತರಿಸೋಲ್ಲ. ಹೊಲಿಗೆಯಲ್ಲಿ, ವಾಷಿಂಗಿನಲ್ಲಿ ಒಂದಷ್ಟು ಕೆಡುತ್ತವೆ ಅಂತ ಸ್ವಲ್ಪ ಜಾಸ್ತಿಯೇ ಕಟಿಂಗ್ ಆಗುತ್ತೆ. ಶಿಪ್‌ಮೆಂಟ್ ಹೋದ ಮೇಲೆ ಉಳಿದದ್ದು, ರಿಜೆಕ್ಟ್ ಆದದ್ದು ಎರಡೂ ರಾಶಿಗಟ್ಟಲೆ ಕೊಂಡು ಮಾರುವ ಲಾಟ್ ವ್ಯಾಪಾರಿಯ ಪಾಲು. ಒಮ್ಮೊಮ್ಮೆ ಆರ್ಡರೇ ರದ್ದಾಗುತ್ತೆ. ಯೂರೋಪಿನ ಚಳಿಗೆ ಹೊಲಿದ ಜಾಕೆಟ್ ಚಳಿ ಮುಗಿದ ಮೇಲೆ ಅಲ್ಲಿ ಯಾರಿಗೆ ಬೇಕು? ಅಂಥ ಮಾಲು ಕೊನೆಗೆ ನಿನ್ನ ಗಾಡಿಯ ಮೇಲೆ ಬಂದು ಕೂರುತ್ತೆ.

ಲಾಟ್ ತರುವಾಗ ಒಂದೊಂದು ಪೀಸನ್ನೂ ಒಳಗು ಹೊರಗು ಮಾಡಿ ನೋಡು. ಕತ್ತಿನ ಲೇಬಲ್ ಅರ್ಧಕ್ಕೆ ಕತ್ತರಿಸಿರುತ್ತಾರೆ, ಇಲ್ಲವೇ ಮಾರ್ಕರಿನಲ್ಲಿ ಗೀರು ಎಳೆದಿರುತ್ತಾರೆ. ಕಂಪನಿ ಹೆಸರಿನಲ್ಲಿ ಇಲ್ಲಿ ಮಾರಬಾರದು ಅಂತ ಹಾಗೆ. ಪಕ್ಕದ ಹೊಲಿಗೆಯಲ್ಲಿ ಕೆಳಗಡೆ ಒಂದು ಚಿಕ್ಕ ಬಿಳಿ ಪಟ್ಟಿ ಇರುತ್ತೆ. ಹೇಗೆ ಒಗೀಬೇಕು ಅಂತ ಮೂರು ನಾಲ್ಕು ಭಾಷೆಯಲ್ಲಿ ಅಚ್ಚಾಗಿರುತ್ತೆ. ಇಂಗ್ಲಿಷಿನಲ್ಲಿ RN ಅಂತ ಬರೆದು ಒಂದು ನಂಬರ್ ಕಂಡರೆ ಅಮೆರಿಕಕ್ಕೆ ಹೊರಟಿದ್ದ ಮಾಲು. ಇನ್ನೂ ಹುಡುಕಿದರೆ ಎಲ್ಲೋ ಒಂದು ಕಡೆ ಉಗುರಿನಷ್ಟು ಕೆಂಪು ಬಾಣದ ಸ್ಟಿಕ್ಕರ್ ಸಿಕ್ಕೀತು. ಚೆಕ್ಕರ್ ಹೆಂಗಸು ಅಂಟಿಸಿದ್ದು ಅದು. ಬಾಣದ ತುದಿಯಲ್ಲಿ ಹೊಲಿಗೆ ಬಿಟ್ಟಿರುತ್ತೆ, ಎಣ್ಣೆ ಕಲೆ ಇರುತ್ತೆ. ಆ ಸ್ಟಿಕ್ಕರ್ ಕಿತ್ತು ಬಿಸಾಡಬೇಡ ಮಗಾ. ಗಿರಾಕಿಗೆ ತೋರಿಸು. "ಇಲ್ಲಿ ಒಂದು ಹೊಲಿಗೆ ಬಿಟ್ಟಿದೆ, ಅದಕ್ಕೇ ಈ ರೇಟು" ಅಂತ ಹೇಳಿ ಮಾರು.

ದೊಡ್ಡ ಕಂಪನಿಯ ಹೆಸರು ಎದೆ ಮೇಲೆ ಎದ್ದು ಕಾಣುವ ಟೀ ಶರ್ಟ್ ತಂದುಕೊಡುವವರೂ ಬರ್ತಾರೆ. ಹೆಚ್ಚಾಗಿ ಅದು ನಕಲಿ. ಲಾಭ ಎಷ್ಟೇ ಇರಲಿ, ಮುಟ್ಟಬೇಡ. ತಿರುಪ್ಪೂರಿನ ಬನಿಯನ್ನು ತಿರುಪ್ಪೂರಿನದೇ ಅಂತ ಹೇಳು. ಬಳ್ಳಾರಿಯ ಜೀನ್ಸಿಗೆ ಊರಿನ ಹೆಸರೇ ಸಾಕು. ಅಲ್ಲಿ ಮನೆಮನೆಯಲ್ಲಿ ಹೊಲೀತಾರೆ. ಅದನ್ನು ಇಟಲಿಯದು ಅಂತ ಮಾರಿದರೆ ಆ ಕೈಗಳಿಗೆ ಅವಮಾನ.

ಪೇಪರ್ ಓದುವುದನ್ನು ಬಿಡಬೇಡ, ಅದರಲ್ಲೂ ಹೊರದೇಶದ ಸುದ್ದಿ. 2005ರಲ್ಲಿ ಯಾವ ದೇಶ ಎಷ್ಟು ಬಟ್ಟೆ ಕಳಿಸಬಹುದು ಅಂತ ಇದ್ದ ಮಿತಿ, ಅಂದರೆ ಕೋಟಾ, ಹೋಯಿತು, ಪೈಪೋಟಿ ಜೋರಾಯಿತು. 2011ರಲ್ಲಿ ಬಾಂಗ್ಲಾದೇಶದ ಬಟ್ಟೆಗೆ ನಮ್ಮ ಸರ್ಕಾರ ಸುಂಕ ತೆಗೆಯಿತು. 2025ರ ಮೇ ತಿಂಗಳಲ್ಲಿ ಅದೇ ಬಟ್ಟೆ ರಸ್ತೆ ದಾರಿಯಲ್ಲಿ ಬರಬಾರದು, ಕೋಲ್ಕತ್ತಾ, ಮುಂಬೈ ಕಡೆಯ ಬಂದರಿನಿಂದಲೇ ಬರಬೇಕು ಅಂತ ಆಯಿತು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ 50% ಸುಂಕ ಹಾಕಿತು. ಇಂಥ ಒಂದೊಂದು ಸುದ್ದಿಗೂ ಲಾಟಿನ ರೇಟು ಅಲುಗುತ್ತೆ. ಮಾಲು ಇದ್ದಕ್ಕಿದ್ದಂತೆ ಅಗ್ಗ ಆಯಿತು ಅಂದರೆ ಎಲ್ಲೋ ಆರ್ಡರ್ ನಿಂತಿದೆ, ಯಾವುದೋ ಫ್ಯಾಕ್ಟರಿಯ ಹೊಲಿಗೆ ಲೈನಿನ ಹೆಂಗಸರು ಕೆಲಸ ಇಲ್ಲದೆ ಮನೆಯಲ್ಲಿ ಕೂತಿದ್ದಾರೆ ಅಂತ ಅರ್ಥ. 2020ರಲ್ಲಿ ಕೊರೊನಾ ಬಂದಾಗ ಹಾಗೇ ಆಯಿತು. ಹೊರಗಿನವರು ಆರ್ಡರ್ ರದ್ದು ಮಾಡಿದರು, ಇಲ್ಲಿ ಒಲೆ ಹೊತ್ತಿಸೋದು ಕಷ್ಟವಾಯಿತು. ನೀನು ಅಗ್ಗಕ್ಕೆ ಕೊಳ್ಳಬೇಡ ಅಂತಲ್ಲ, ನಿನ್ನದೂ ಹೊಟ್ಟೆಪಾಡೇ. ಆದರೆ ಗೊತ್ತಿರಲಿ.

ಆ ಹೆಂಗಸರನ್ನು ಹಗುರವಾಗಿ ಮಾತ್ರ ನೋಡಬೇಡ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತೆ ಅಂತ ನೀರೇ ಕುಡಿಯದವರನ್ನು ನಾನು ನೋಡಿದ್ದೇನೆ. ಪಿಎಫ್ ದುಡ್ಡು ತೆಗೆಯೋಕೆ ತಡೆ ಹಾಕುವ ಹೊಸ ನಿಯಮದ ವಿರುದ್ಧ 2016ರ ಏಪ್ರಿಲಿನಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಕೂತವರು ಅವರೇ. ಹಿಂದೆ ದೊಡ್ಡ ನಾಯಕರು ಯಾರೂ ಇರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ನೆನೆದರೆ ಇವತ್ತೂ ಹೆಮ್ಮೆ ಆಗುತ್ತೆ.

ನಿನಗೂ ಹಕ್ಕು ಇದೆ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಪಾಲಿಕೆಯವರು ಸರ್ವೆಗೆ ಬಂದಾಗ ಹೆಸರು ಬರೆಸು, ಬೀದಿ ವ್ಯಾಪಾರಿಯ ಪ್ರಮಾಣಪತ್ರ ಮಾಡಿಸಿಕೋ. ಯಾರಾದರೂ ಮಾಲು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಿ ಅಂತ ಕೇಳು. ಬಟ್ಟೆಯಂಥ ಕೆಡದ ಮಾಲನ್ನು, ನೀನು ಕೇಳಿದ ಎರಡು ಕೆಲಸದ ದಿನದೊಳಗೆ ಬಿಡಬೇಕು ಅಂತ ಕಾಯ್ದೆಯಲ್ಲೇ ಇದೆ. ಅದಕ್ಕೆ ಶುಲ್ಕ ಕಟ್ಟಬೇಕಾಗಬಹುದು. ಹೆದರಿ ಓಡಿಹೋಗಬೇಡ.

ಇನ್ನೊಂದು ಮಾತು, ಇದನ್ನು ಮರೆಯಲೇಬೇಡ. ಮಕ್ಕಳ ಬಟ್ಟೆಯ ಲಾಟ್ ತಂದಾಗ ಅಯಸ್ಕಾಂತ ಇಟ್ಟುಕೋ. ಫ್ಯಾಕ್ಟರಿಯಲ್ಲಿ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ತಂದು, ಕಾಗದಕ್ಕೆ ಅಂಟಿಸಿ ತೋರಿಸಬೇಕು. ಆಮೇಲೇ ಹೊಸ ಸೂಜಿ. ಕೊನೆಗೆ ಪ್ಯಾಕ್ ಮಾಡುವ ಮುಂಚೆ ಸೂಜಿ ಹಿಡಿಯುವ ಮೆಷಿನ್ನಿನೊಳಗೆ ಬಟ್ಟೆ ಹಾಯಿಸ್ತಾರೆ. ರಿಜೆಕ್ಟ್ ಪೀಸ್ ಅಲ್ಲಿಯವರೆಗೂ ಹೋಗಿರದೇ ಇರಬಹುದು. ಅದಕ್ಕೇ ಕಾಲರ್, ಎಲಾಸ್ಟಿಕ್, ಗುಂಡಿ ಪಟ್ಟಿಯ ಮೇಲೆ ಅಯಸ್ಕಾಂತ ಆಡಿಸಿ, ಬೆರಳಲ್ಲಿ ಒತ್ತಿ ನೋಡು. ನಿಧಾನ ಆದರೂ ಪರವಾಗಿಲ್ಲ. ಮೊದಲ ಲಾಟ್ ಬಂದ ದಿನ ಫೋನ್ ಮಾಡು, ಬೆಳಗಿನ ಟ್ರೇನಿಗೆ ಬಂದು ಇಬ್ಬರೂ ಕೂತು ಆರಿಸೋಣ.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ