ಔಷಧಕ್ಕಿಂತ ಮೊದಲು ರೋಗದ ಹೆಸರು ತಿಳಿಯಲಿ

ಮಾನ್ಯ ಸಂಪಾದಕರೆ,

ಆನುವಂಶಿಕ ಮಿದುಳು ರೋಗಗಳಿಗೆ ನ್ಯಾನೊ ಕಣಗಳ (ಔಷಧ ಹೊತ್ತೊಯ್ಯುವ ಅತಿಸೂಕ್ಷ್ಮ ಕಣಗಳ) ಚಿಕಿತ್ಸೆ ಕುರಿತ ಸುದ್ದಿಗಳನ್ನು ನಮ್ಮ ಮನೆಯಲ್ಲಿ ಬಹಳ ಆಸೆಯಿಂದ ಓದುತ್ತೇವೆ. ನನ್ನ ಅಣ್ಣನಿಗೆ ಹಂಟಿಂಗ್ಟನ್ ಕಾಯಿಲೆ ಇದೆ. ಕೈಕಾಲು ತಾವಾಗಿಯೇ ಕುಣಿಯುವ, ನಡಿಗೆ ತಪ್ಪುವ, ಸಿಟ್ಟು ಹೆಚ್ಚುವ ಅವನ ಸ್ಥಿತಿಯನ್ನು ಓಣಿಯವರು ಕುಡಿತವೆಂದರು. ಆಸ್ಪತ್ರೆಯೊಂದರಲ್ಲಿ ನರದೌರ್ಬಲ್ಯವೆಂದು ವರ್ಷಗಟ್ಟಲೆ ಚುಚ್ಚುಮದ್ದು ಕೊಟ್ಟರು. ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬೆಂಗಳೂರಿಗೆ ಹೋಗಿ ಜೀನ್ ಪರೀಕ್ಷೆ ಮಾಡಿಸಿದ ಮೇಲೆಯೇ ರೋಗದ ಹೆಸರು ತಿಳಿಯಿತು. ಈ ಕಾಯಿಲೆಯ ಜೀನ್ ಪತ್ತೆಯಾದದ್ದು 1993ರಲ್ಲಿ. ಆ ಜೀನಿನ ಡಿಎನ್‌ಎ ಬರಹದಲ್ಲಿ ಸಿಎಜಿ ಎಂಬ ಮೂರಕ್ಷರ 40 ಅಥವಾ ಅದಕ್ಕಿಂತ ಹೆಚ್ಚು ಬಾರಿ ಮರುಕಳಿಸಿದವರಿಗೆ ರೋಗ ತಪ್ಪದು.

ನ್ಯಾನೊ ಕಣಗಳ ಸಂಶೋಧನೆಯ ಮೇಲಿನ ಭರವಸೆ ಹುಸಿಯಲ್ಲ. ಕೆಟ್ಟ ಪ್ರೋಟೀನು ಅಂಗಗಳಲ್ಲಿ ಜಮೆಯಾಗುವ ಆನುವಂಶಿಕ ಅಮಿಲಾಯ್ಡೋಸಿಸ್‌ನಿಂದಾಗುವ ನರಹಾನಿಗೆ ಪ್ಯಾಟಿಸಿರಾನ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರಲ್ಲಿ ಕೊಬ್ಬಿನ ನ್ಯಾನೊ ಕಣಗಳಲ್ಲಿ ಹುದುಗಿಸಿದ, ಜೀನಿನ ಸಂದೇಶವನ್ನು ತಡೆಯುವ ಆರ್‌ಎನ್‌ಎ ತುಣುಕು ಕೆಟ್ಟ ಪ್ರೋಟೀನಿನ ತಯಾರಿಕೆಯನ್ನೇ ತಗ್ಗಿಸುತ್ತದೆ. ಆದರೆ ಆ ಪ್ರೋಟೀನು ಹೆಚ್ಚಾಗಿ ತಯಾರಾಗುವುದು ಯಕೃತ್ತಿನಲ್ಲಿ, ಮತ್ತು ರಕ್ತಕ್ಕಿಳಿದ ಇಂಥ ಕಣಗಳು ಸಹಜವಾಗಿ ಸೇರುವುದೂ ಅಲ್ಲಿಗೇ. ಮಿದುಳಿನ ರಕ್ತನಾಳಗಳ ಗೋಡೆಯಾದರೋ ಜೀವಕೋಶಗಳ ನಡುವೆ ಸಂದಿಲ್ಲದಂತೆ ಬಿಗಿದುಕೊಂಡಿದೆ. ಅದನ್ನು ದಾಟಿಸಲು, ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಪ್ರೋಟೀನನ್ನು ಕಣಗಳ ಮೇಲೆ ಅಂಟಿಸಿ, ಮಿದುಳು ಕಬ್ಬಿಣಕ್ಕೆ ತೆರೆಯುವ ಬಾಗಿಲಿನಿಂದಲೇ ಒಳಸೇರಿಸುವಂತಹ ಪ್ರಯತ್ನಗಳು ನಡೆದಿವೆಯಾದರೂ ಅವುಗಳಲ್ಲಿ ಹೆಚ್ಚಿನವು ಇನ್ನೂ ಪ್ರಾಣಿಗಳ ಮೇಲಿನ ಪ್ರಯೋಗದ ಹಂತದಲ್ಲಿವೆ. ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಕೊಡುತ್ತಿದ್ದ ಟೊಮಿನರ್ಸೆನ್ ಎಂಬ ಹಂಟಿಂಗ್ಟನ್ ಔಷಧದ ದೊಡ್ಡ ಪ್ರಯೋಗದಲ್ಲಿ 2021ರಲ್ಲಿ ಔಷಧ ನೀಡುವುದನ್ನು ನಿಲ್ಲಿಸಿದಾಗ ನಮಗಾದ ಸಂಕಟವನ್ನು ಹೇಗೆ ಹೇಳಲಿ?

ಇಂತಹ ಔಷಧಗಳು ಒಂದೊಂದು ಜೀನನ್ನೇ ಗುರಿಯಾಗಿಸಿಕೊಂಡವು. ತನ್ನಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಗೊತ್ತಿಲ್ಲದ ರೋಗಿಗೆ ಅವು ನಾಳೆ ಬಂದರೂ ದಕ್ಕವು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಉಳಿದಿರುವ ನಮ್ಮ ಭಾಗದಲ್ಲಿ, ತಂದೆತಾಯಿ ಇಬ್ಬರಿಂದಲೂ ಜೀನಿನ ಕೆಟ್ಟ ಪ್ರತಿ ಬಂದಾಗ ಕಾಣಿಸುವ, ಸ್ನಾಯುಗಳು ಸೊರಗುವ ಎಸ್‌ಎಂಎಯಂತಹ ರೋಗಗಳ ವಿಷಯದಲ್ಲಿ ಜೀನ್ ಪರೀಕ್ಷೆ ಇನ್ನೂ ತುರ್ತಿನದು. ಆದ್ದರಿಂದ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಿಮ್ಸ್‌ನಲ್ಲಿ ತಿಂಗಳಿಗೊಮ್ಮೆಯಾದರೂ ನರ-ಆನುವಂಶಿಕ ಚಿಕಿತ್ಸಾಲಯ ನಡೆಸಿ, ರಕ್ತದ ಮಾದರಿಯನ್ನು ಅಲ್ಲಿಯೇ ಪಡೆದು ಬೆಂಗಳೂರಿಗೆ ಕಳುಹಿಸುವ ವ್ಯವಸ್ಥೆಯನ್ನು ಸರ್ಕಾರ ಮಾಡಬೇಕು. ಕನ್ನಡದಲ್ಲಿ ಸಮಾಧಾನವಾಗಿ ವಿವರಿಸಬಲ್ಲ ಆಪ್ತಸಮಾಲೋಚಕರೊಬ್ಬರು ಅಲ್ಲಿರಲೇಬೇಕು. ಅಣ್ಣನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬೊಬ್ಬರಿಗೂ ಹಂಟಿಂಗ್ಟನ್ ರೋಗ ಬರುವ ಸಾಧ್ಯತೆ ಶೇ 50ರಷ್ಟಿದೆ. ಪರೀಕ್ಷೆ ಮಾಡಿಸಿಕೊಳ್ಳಬೇಕೋ ಬೇಡವೋ ಎಂದು ಅವರು ನನ್ನನ್ನು ಕೇಳುತ್ತಿದ್ದಾರೆ.

– ನಿವೃತ್ತ ಶಿಕ್ಷಕ, ಜಮಖಂಡಿ, ಬಾಗಲಕೋಟೆ ಜಿಲ್ಲೆ