ಸೊಂಟದ ಕೀಲಿನ ಆಪರೇಷನ್‌ಗೆ ಮುಂಚೆ ಮನೆ ಅಳೆದವರಿಗೆಲ್ಲ ನಮ್ಮ ವಂದನೆ

ಮಂಗಳೂರು, ಉಡುಪಿ ಕಡೆ ಸೊಂಟದ ಕೀಲು ಬದಲಿಸಿಕೊಳ್ಳುವವರಿಗಾಗಿ ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು ಸೇರಿ ನಡೆಸುವ ತರಗತಿಗೆ ಈ ತಿಂಗಳು ಒಂದು ವರ್ಷ ತುಂಬಿತು. ಬಂದವರಿಗೆಲ್ಲ ಥ್ಯಾಂಕ್ಸ್. ಯಾವುದಕ್ಕೆ ಎಂಬುದನ್ನೂ ಬಿಡಿಸಿ ಬರೆದರೆ ಮುಂದಿನ ಸರದಿಯವರಿಗೆ ಉಪಯೋಗಕ್ಕೆ ಬಂದೀತು.

ಮೊದಲ ವಂದನೆ ಟೇಪು ಹಿಡಿದು ಮನೆಯೆಲ್ಲ ಅಳೆದ ಮಕ್ಕಳು, ಸೊಸೆಯಂದಿರು, ಅಳಿಯಂದಿರಿಗೆ. ಆಪರೇಷನ್ ಸಾಮಾನ್ಯವಾಗಿ ಒಂದೂವರೆ-ಎರಡು ಗಂಟೆಯ ಕೆಲಸ. ಹೊಸ ಕೀಲು ತಪ್ಪುವ ಭಯ ಇರುವುದು ಆಮೇಲಿನ ಮೊದಲ 6ರಿಂದ 12 ವಾರಗಳಲ್ಲಿ, ಮನೆಯಲ್ಲಿ. ಹಿಂಬದಿಯಿಂದ ಮಾಡುವ ಆಪರೇಷನ್‌ನಲ್ಲಿ ಕೀಲಿನ ಹಿಂದಿನ ಪೊರೆ, ಸ್ನಾಯುಗಳನ್ನು ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ಅವು ಕೂಡಿಕೊಳ್ಳುವ ಮೊದಲೇ ತಗ್ಗಿನಲ್ಲಿ ಕೂತು ಬಗ್ಗಿದರೆ, ಜೊತೆಗೆ ಪಾದವೂ ಒಳಕ್ಕೆ ತಿರುಗಿದರೆ, ಹೊಸ ಕೀಲಿನ ಗುಂಡು ಅದು ಕೂತಿರುವ ಬಟ್ಟಲಿನಿಂದ ಹಿಂದಕ್ಕೆ ಕಳಚಿಕೊಳ್ಳುತ್ತದೆ. ಅದಕ್ಕೆ ಬೇಕಾದ ಏರ್ಪಾಡೆಲ್ಲ ನಮ್ಮ ಕರಾವಳಿಯ ಮನೆಗಳಲ್ಲಿ ಮೊದಲೇ ಇದೆ: ಊಟದ ಮಣೆ, ಹೆರೆಮಣೆ, ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟುವ ಚಾಪೆ, ಇಂಡಿಯನ್ ಟಾಯ್ಲೆಟ್. ಮುಂಬದಿಯಿಂದ ಮಾಡುವ ಆಪರೇಷನ್‌ಗೆ ನಿಯಮ ಬೇರೆ. ನಿಮ್ಮದು ಯಾವುದು ಎಂದು ಸರ್ಜನ್ ಹತ್ತಿರ ಮುಂಚೆಯೇ ಕೇಳಿಕೊಳ್ಳಿ.

ಅಳತೆ ಹೀಗೆ. ಬರಿಗಾಲಲ್ಲಿ ನಿಂತು, ನೆಲದಿಂದ ಮೊಣಕಾಲ ಹಿಂದಿನ ಮಡಿಕೆಯವರೆಗೆ ಟೇಪು ಹಿಡಿಯಿರಿ. ಕುರ್ಚಿ, ಮಂಚ, ಕಮೋಡ್ ಮೂರೂ ಅದಕ್ಕಿಂತ 2 ಇಂಚು ಎತ್ತರ ಇರಲಿ. ಮಡಿಕೆ 17 ಇಂಚಿಗೆ ಬಂದರೆ ಕೂರುವ ಜಾಗ 19 ಇಂಚು. ಕೂತಾಗ ಸೊಂಟ ಮೊಣಕಾಲಿಗಿಂತ ಮೇಲಿರಬೇಕು, ಅಷ್ಟೇ ಲೆಕ್ಕ. ಕುರ್ಚಿಗೆ ಕೈ ಇರಲೇಬೇಕು. ಮೆತ್ತನೆಯ ದಿಂಬು ಹಾಕಿ ಎತ್ತರಿಸಿದರೆ ಪ್ರಯೋಜನವಿಲ್ಲ, ಕೂತ ಕೂಡಲೇ ಕುಸಿಯುತ್ತದೆ. ಕಮೋಡ್ ಮೇಲಿಡುವ ಪ್ಲಾಸ್ಟಿಕ್ ರೈಸರ್ ತರುವಾಗ ಕ್ಲಾಂಪ್ ಇರುವುದನ್ನೇ ತನ್ನಿ. ಮಂಚದ ಕಾಲು ಕೂರುವಂತೆ ನಡುವೆ ಗುಳಿ ಕೊರೆದ ಮರದ ತುಂಡು ಮಾಡಿಕೊಟ್ಟ ಬಡಗಿಗಳಿಗೆ ವಿಶೇಷ ಥ್ಯಾಂಕ್ಸ್. ಬರೀ ಇಟ್ಟಿಗೆ ಇಟ್ಟರೆ, ಏಳುವಾಗ ಕೈ ಊರಿದ ಭಾರಕ್ಕೆ ಮಂಚವೇ ಜಾರುತ್ತದೆ. ಮಳೆಗಾಲದಲ್ಲಿ ಆಪರೇಷನ್ ಆದರೆ ಅಂಗಳದ ಪಾಚಿ ಉಜ್ಜಿಸಿ, ಬಾಗಿಲ ಕಾಲೊರೆಸು ಮ್ಯಾಟ್ ಎತ್ತಿಡಿ.

ತಾರೀಕು ಮುಂದೆ ಹಾಕಿದಾಗ ಬೇಸರಿಸದೆ ಒಪ್ಪಿದವರಿಗೆ ಎರಡನೇ ವಂದನೆ. ಕೊಳೆತ ಹಲ್ಲು, ಕಾಲ್ಬೆರಳ ಸಂದಿಯ ಕೆಸರುಹುಣ್ಣು, ಉರಿಮೂತ್ರ ಇವೆಲ್ಲ ಚಿಕ್ಕದಾಗಿ ಕಂಡರೂ, ಅಲ್ಲಿಯ ಬ್ಯಾಕ್ಟೀರಿಯಾ ಹೊಸ ಲೋಹದ ಮೇಲೆ ಹೋಗಿ ಕೂತರೆ ಸುತ್ತ ಪೊರೆ ಕಟ್ಟಿಕೊಳ್ಳುತ್ತದೆ. ಆಮೇಲೆ ಆ್ಯಂಟಿಬಯಾಟಿಕ್ ಸರಿಯಾಗಿ ತಾಗುವುದಿಲ್ಲ, ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆಯಬೇಕಾಗುತ್ತದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8 ದಾಟಿದ್ದರೆ ಹೆಚ್ಚಿನ ಸರ್ಜನ್‌ಗಳು ಕಾಯಲು ಹೇಳುತ್ತಾರೆ. ಅದೇ ಸೊಂಟಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡಿದ್ದರೆ 3 ತಿಂಗಳು ಬಿಡಬೇಕು. ಬೀಡಿ, ಸಿಗರೇಟು ಕನಿಷ್ಠ 4 ವಾರ ಮುಂಚೆ ನಿಲ್ಲಬೇಕು. ರಕ್ತ ಕಡಿಮೆ ಇದ್ದರೆ ಮೊದಲೇ ಸರಿ ಮಾಡಿಸಿಕೊಳ್ಳಿ. ಮನೆಯಲ್ಲಿ ಬ್ಲೇಡ್ ಹಿಡಿದು ಕೂದಲು ತೆಗೆಯಬೇಡಿ, ಆ ಸಣ್ಣ ಗೀರುಗಳೇ ಸೋಂಕಿಗೆ ದಾರಿ.

ಮಾತ್ರೆಗಳ ಚೀಲವನ್ನು ಹಾಗೇ ತಂದು ಮೇಜಿನ ಮೇಲೆ ಸುರಿದವರು ಅರಿವಳಿಕೆ ಡಾಕ್ಟರ ಕೆಲಸ ಹಗುರ ಮಾಡಿದ್ದಾರೆ. ಕಷಾಯ, ಲೇಹ್ಯವೂ ಅದರಲ್ಲಿರಲಿ, ಮುಚ್ಚಿಡುವಂಥದ್ದೇನಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆಯನ್ನು ಸಾಮಾನ್ಯವಾಗಿ 5ರಿಂದ 7 ದಿನ ಮುಂಚೆ ನಿಲ್ಲಿಸುತ್ತಾರೆ. ಆದರೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು.

ಆಪರೇಷನ್ ಆದ ಕಾಲಿಗೆ ಎಣ್ಣೆ ತಿಕ್ಕಲು ಬಂದವರನ್ನು ಕಾಫಿ ಕೊಟ್ಟು ಹಾಗೇ ಕಳಿಸಿದ ಅತ್ತೆಯಂದಿರಿಗೂ ಧನ್ಯವಾದ! ಮೀನಖಂಡ ಊದಿ ನೋವು ಬಂದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋದೀತು. ನೇರ ಆಸ್ಪತ್ರೆಗೆ ಬನ್ನಿ. ಉಸಿರು ಕಟ್ಟಿದರಂತೂ ತಡ ಮಾಡಲೇಬೇಡಿ. ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದು ಕಾಲು ಗಿಡ್ಡವಾಗಿ ಕಂಡರೆ ಕೀಲು ತಪ್ಪಿರುವ ಸೂಚನೆ. ಯಾರೂ ಎಳೆಯಬೇಡಿ.

ಒಳಗೆ ಹಾಕಿದ ಕೀಲು ಯಾವುದೆಂದು ತಿಳಿಸುವ ಇಂಪ್ಲಾಂಟ್ ಸ್ಟಿಕರನ್ನು ಡಿಸ್ಚಾರ್ಜ್ ಫೈಲಿನಲ್ಲಿ ಜೋಪಾನವಾಗಿಟ್ಟವರು ಕಡಿಮೆ. 2010ರಲ್ಲಿ ಎಎಸ್ಆರ್ ಎಂಬ ಲೋಹದ ಕೀಲನ್ನು ಜಗತ್ತಿನಾದ್ಯಂತ ವಾಪಸ್ ಪಡೆದಾಗ ಭಾರತದಲ್ಲಿ ಎಷ್ಟೋ ರೋಗಿಗಳನ್ನು ಪತ್ತೆ ಹಚ್ಚಲಾಗಲಿಲ್ಲ. ಬಟ್ಟಲು, ಅದರೊಳಗಿನ ಲೈನರ್, ಗುಂಡು, ತೊಡೆಯೆಲುಬಿನೊಳಗಿನ ಸ್ಟೆಮ್ ಪ್ರತಿಯೊಂದಕ್ಕೂ ಬೇರೆ ಸ್ಟಿಕರ್ ಇರುತ್ತದೆ. ಕೇಳಿ ಪಡೆಯಿರಿ, ಮೊಬೈಲಲ್ಲಿ ಫೋಟೋವನ್ನೂ ತೆಗೆದಿಡಿ.

ವಾಕರ್, ರೈಸರ್ ಕೆಲಸ ಮುಗಿದ ಮೇಲೆ ತೊಳೆದು ಮುಂದಿನವರಿಗೆ ದಾಟಿಸಿದ ಮನೆಗಳಿಗೂ ವಂದನೆ. ದಾಟಿಸುವ ಮೊದಲು ವಾಕರಿನ ನಾಲ್ಕೂ ರಬ್ಬರ್ ಬುಷ್ ನೋಡಿ, ಸವೆದಿದ್ದರೆ ಹೊಸದು ಹಾಕಿ ಕೊಡಿ.