ಯಂತ್ರ ಬಂದರೆ ಸಾಲದು, ಬೋಧಕರಿಗೆ ತರಬೇತಿ ಬೇಕು

ಮಾನ್ಯರೇ,

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ ಆಧುನಿಕ ಯಂತ್ರಗಳನ್ನು ಒದಗಿಸಿದ್ದು ನಿಜಕ್ಕೂ ಸ್ವಾಗತಾರ್ಹ. ಆದರೆ ಬೋಧಕರ ತರಬೇತಿಯು ಯಂತ್ರ ನಡೆಸುವುದನ್ನು ಕಲಿಸುವಷ್ಟಕ್ಕೇ ನಿಲ್ಲದೆ, ಆ ಯಂತ್ರ ಕೊರೆಯುವ ಲೋಹದ ಗುಣವನ್ನು ಮನದಟ್ಟು ಮಾಡಿಸುವ ಸಾಮರ್ಥ್ಯವನ್ನೂ ಅವರಿಗೆ ಕೊಡಬೇಕು.

ಸುಮಾರು ಶೇ 0.2ರಷ್ಟು ಇಂಗಾಲವಿರುವ ಮೈಲ್ಡ್ ಸ್ಟೀಲ್ ತುಂಡನ್ನೂ ಶೇ 0.4ರಷ್ಟಿರುವ ಇಎನ್8 ಎಂಬ ಉಕ್ಕಿನ ತುಂಡನ್ನೂ ಒಂದೇ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ, ಎರಡರ ಮೇಲೂ ಅರ ಎಳೆದರೆ, ಮೊದಲನೆಯದು ಸಲೀಸಾಗಿ ಸವೆಯುತ್ತದೆ. ಎರಡನೆಯದು ಇಂಗಾಲ ಹೆಚ್ಚಿರುವುದರಿಂದ ಗಟ್ಟಿಯಾಗಿ, ಅರ ಅದನ್ನು ಕಷ್ಟಪಟ್ಟು ಕಚ್ಚುತ್ತದೆ. ಆ ವ್ಯತ್ಯಾಸವನ್ನು ಕೈಯಾರೆ ಅರಿತ ವಿದ್ಯಾರ್ಥಿ ಉಕ್ಕಿನ ಪಾಠವನ್ನು ಬಾಯಿಪಾಠ ಮಾಡಬೇಕಿಲ್ಲ. ಇದಕ್ಕೆ ದುಬಾರಿ ಪ್ರಯೋಗಾಲಯವೂ ಬೇಡ, ಮಾಡಿ ತೋರಿಸಬಲ್ಲ ಬೋಧಕರು ಸಾಕು.

ಒಂದು ವರ್ಷದ ಸಿಐಟಿಎಸ್ ಬೋಧಕ ತರಬೇತಿ ವೃತ್ತಿಯ ಆರಂಭಕ್ಕೆ ಸರಿ. ಬಳಿಕವೂ ಜಿಟಿಟಿಸಿಯಂಥ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕೇಂದ್ರಗಳಲ್ಲಿ, ಪೀಣ್ಯದ ಯಂತ್ರಾಗಾರಗಳಲ್ಲಿ, ಬೆಳಗಾವಿಯ ಫೌಂಡ್ರಿಗಳಲ್ಲಿ ಬೋಧಕರು ಆಗಾಗ ಕೆಲವು ವಾರ ಕೆಲಸ ಕಲಿಯಲು ಇಲಾಖೆ ವ್ಯವಸ್ಥೆ ಮಾಡಿ, ಆ ಅವಧಿಯನ್ನು ಕರ್ತವ್ಯವೆಂದೇ ಪರಿಗಣಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಹುಬ್ಬಳ್ಳಿ